ನಡುಸಾಲಿನ ದೂರು

"ದಿನಾ ನಡುಸಾಲು ಅವಳಿಗೇ ಯಾಕೆ?"

ಆಕೆ ಕೇಳಿದ್ದು ಯಾರನ್ನೂ ಅಲ್ಲ. ಎಷ್ಟೋ ದಿನದಿಂದ ಮನಸ್ಸಿನೊಳಗೆ ತಿರುಗುತ್ತಿದ್ದ ಮಾತು ಬಾಯಿ ತಪ್ಪಿ ಹೊರಗೆ ಬಿದ್ದಿತ್ತು. ಈಜುಕೊಳದ ಮೇಲಂತಸ್ತಿನಲ್ಲಿ ಅಪ್ಪ ಅಮ್ಮಂದಿರು ಕಾಯುವುದಕ್ಕೆಂದೇ ಒಂದು ಉದ್ದನೆಯ ಕೋಣೆ. ಪ್ಲಾಸ್ಟಿಕ್ ಕುರ್ಚಿಗಳು, ಎದುರಿಗೆ ಗೋಡೆಯಗಲದ ಗಾಜು, ಅದರಾಚೆ ತೇಲುವ ಹಗ್ಗಗಳಿಂದ ಸಾಲುಸಾಲಾಗಿ ಭಾಗ ಮಾಡಿದ ಕೊಳ. ಕೆಳಗಿನ ಬೆಚ್ಚನೆಯ ನೀರಿನ ಹಬೆ ಆ ಗಾಜಿಗೆ ಕೂತು, ನೀರಿನಲ್ಲಿರುವ ಮಕ್ಕಳೆಲ್ಲ ಬರೀ ಬಣ್ಣಬಣ್ಣದ ಟೋಪಿಗಳಾಗಿ ಕಾಣುತ್ತಿದ್ದರು. ಕರವಸ್ತ್ರದಿಂದ ಒರೆಸಿಕೊಂಡಷ್ಟು ಜಾಗದಲ್ಲಿ ಅವರವರು ತಮ್ಮ ತಮ್ಮ ಟೋಪಿಯನ್ನು ಹುಡುಕಿಕೊಳ್ಳಬೇಕು.

ಆಕೆ ಬಾಯಿ ತೆರೆದದ್ದೇ ಅಲ್ಲಿದ್ದವರಿಗೆ ಸುದ್ದಿ. ಕಿವಿ ಪರೀಕ್ಷೆ ಮಾಡುವ ಕೆಲಸ ಆಕೆಯದು. ಸದ್ದು ನುಸುಳದ ಪುಟ್ಟ ಕೋಣೆಯೊಳಗೆ ಕೂತವರ ಕಿವಿಗೆ ಹೊರಗಿನಿಂದ ಸಣ್ಣ ಸಣ್ಣ ಸದ್ದು ಕಳಿಸಿ, ಅವರು ಬೆರಳೆತ್ತುವುದನ್ನು ಕಾಯುವುದು. ಕಾದು ಕಾದು ಆಕೆಗೆ ಮಾತು ಕಡಿಮೆಯಾಗಿತ್ತೋ, ಮಾತು ಕಡಿಮೆ ಇದ್ದದ್ದಕ್ಕೇ ಆ ಕೆಲಸ ಒಗ್ಗಿತ್ತೋ, ಆಕೆಗೂ ಗೊತ್ತಿರಲಿಲ್ಲ.

ಪಕ್ಕದ ಕುರ್ಚಿಯ ವಕೀಲೆ ಫೋನನ್ನು ಮಡಿಲಿಗೆ ಹಾಕಿಕೊಂಡಳು. ಅವಳ ಮಗಳೂ ಅಲ್ಲೇ ಈಜುತ್ತಿದ್ದಳು.

"ಯಾರು, ಗುಬ್ಬಿನಾ? ಸೀಟಿ ಸರ್‌ಗೆ ಗುಬ್ಬಿ ನೀರಿಗಿಳಿದ್ರೆ ಸೀಟಿ ಊದೋದೂ ಮರೆತು ಹೋಗುತ್ತೆ ಬಿಡಿ. ನಮ್ಮ ಮಕ್ಕಳು ಗೋಡೆ ಪಕ್ಕ ಪಾಚಿ ಥರ ಅಂಟಿಕೊಂಡಿರಬೇಕು."

"ಹಾಗಲ್ಲ…" ಎಂದಳು ಆಕೆ.

"ಹಾಗೇನೇ. ನೀವು ಬಾಯಿ ಬಿಟ್ಟಿದ್ದು ಒಳ್ಳೇದಾಯ್ತು. ನಾನು ಹೇಳಿದ್ರೆ 'ವಕೀಲಮ್ಮ, ಜಗಳ ಅವಳ ಹೊಟ್ಟೆಪಾಡು' ಅಂತಾರೆ. ನೀವು ಹೇಳಿದ್ರೆ ಕೇಳ್ತಾರೆ."

ಕೋಚ್‌ಗೆ ಮಕ್ಕಳು ಇಟ್ಟ ಹೆಸರು ಸೀಟಿ ಸರ್. ಗುಬ್ಬಿ ಎಂಬುದೂ ಮಕ್ಕಳಿಟ್ಟದ್ದೇ. ಬೇಕರಿಯವನ ಮಗಳು ಅವಳು, ಮೈಯಲ್ಲಿ ಹಿಡಿಯಷ್ಟಿದ್ದಳು. ಕ್ಲಬ್ಬುಗಳ ನಡುವಿನ ಸ್ಪರ್ಧೆ ಹತ್ತಿರ ಬರುತ್ತಿತ್ತು. ಒಬ್ಬರಾದ ಮೇಲೊಬ್ಬರು ಈಜುವ ರಿಲೇ ತಂಡಕ್ಕೆ ನಾಲ್ವರು ಬೇಕು. ಮೂವರು ಯಾರೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನಾಲ್ಕನೆಯ ಜಾಗ ಆಕೆಯ ಮಗಳಿಗೆ, ಇಲ್ಲವೆ ಗುಬ್ಬಿಗೆ. ಮಗಳಿಗೆ ಆ ಜಾಗದ ಮೇಲೆ ಎಷ್ಟು ಆಸೆಯಿತ್ತೆಂದರೆ, ಮನೆಯಲ್ಲಿ ಹಲ್ಲುಜ್ಜುವಾಗಲೂ ಒಂದು ಕೈ ಮುಂದೆ ಚಾಚಿ ನೀರು ಸೀಳುತ್ತಿದ್ದಳು.

ಆಕೆಯ ಹತ್ತಿರ ಒಂದು ಅಳತೆಗೋಲಿತ್ತು. ಅದನ್ನು ಯಾರಿಗೂ ತೋರಿಸಿರಲಿಲ್ಲ.

ಚಿಕ್ಕಂದಿನಲ್ಲಿ ಆಕೆ ಮಲಗುತ್ತಿದ್ದದ್ದು ಅಜ್ಜನ ಪದ್ಯ ಕೇಳುತ್ತಾ. ಅಜ್ಜ ಪುಸ್ತಕ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ಲೆಕ್ಕ ಹಿಡಿದು, ಆರು ಸಾಲಿನ ಪದ್ಯಗಳನ್ನು ಒಂದೇ ನಡಿಗೆಯಲ್ಲಿ ಹೇಳುತ್ತಾ ಹೋಗುತ್ತಿದ್ದರು. ಅರ್ಥ ಆಮೇಲೆ ಬರುತ್ತೆ ಮಗಾ, ಮೊದಲು ಕಿವಿ ಕೊಡು, ಪದ್ಯವನ್ನ ಎಳೀಬಾರದು, ನೂಕಲೂಬಾರದು, ಅದು ದೇವರ ಕಾಲಿನ ಹೆಜ್ಜೆ ಎನ್ನುತ್ತಿದ್ದರು. ಅಂದಿನಿಂದ ಆ ಹೆಜ್ಜೆ ಆಕೆಯೊಳಗೆ ನಿಂತಿರಲಿಲ್ಲ. ಹಾಲು ಉಕ್ಕುವಷ್ಟು ಹೊತ್ತು ಎರಡು ಪದ್ಯ, ಲಿಫ್ಟ್ ಕೆಳಗಿಳಿಯುವಷ್ಟರಲ್ಲಿ ಅರ್ಧ. ಈಜುಕೊಳದಲ್ಲಿ ಒಬ್ಬರು ಆ ತುದಿಗೆ ಹೋಗಿ ಈ ತುದಿ ಮುಟ್ಟುವುದಕ್ಕೆ ಸರಿಯಾಗಿ ಒಂದು ಪದ್ಯ. ಮಗಳು ಹೊರಟಾಗ ಮೊದಲಕ್ಷರ, ಗೋಡೆ ಮುಟ್ಟುವಾಗ ಕೊನೆಯ ಸಾಲಿನ ಕೊನೆಯ ಮಾತು. ಗುಬ್ಬಿಗೂ ಅದೇ ಕೊನೆಯ ಮಾತು. ದಿನವೂ ನೋಡಿದ್ದಳು, ದಿನವೂ ಹಾಗೆಯೇ. ಇಬ್ಬರೂ ಸಮ. ಹಾಗಿದ್ದಮೇಲೆ ಒಬ್ಬಳಿಗೆ ನಡುಸಾಲು, ಇನ್ನೊಬ್ಬಳಿಗೆ ಅಲೆ ಬಡಿಯುವ ಗೋಡೆಬದಿ ಯಾಕೆ?

ವಕೀಲೆ ಬಿಡಲಿಲ್ಲ. ಕ್ಲಬ್ಬಿನ ಅಧ್ಯಕ್ಷರ ಕೋಣೆಯವರೆಗೂ ಕೈ ಹಿಡಿದು ಕರೆದುಕೊಂಡು ಹೋದಳು, ಮಗುವನ್ನು ಮೊದಲ ದಿನ ಶಾಲೆಗೆ ಬಿಡುವವರ ಹಾಗೆ.

ಅಧ್ಯಕ್ಷರು ಹೇಳಿದರು, "ಎಲ್ಲ ಅಮ್ಮಂದಿರಿಗೂ ತಮ್ಮ ಮಕ್ಕಳೇ ಮೀನು. ನಿಮಗೆ ಹೇಗೆ ಗೊತ್ತು ಇಬ್ಬರೂ ಸಮ ಅಂತ?"

"ನಾನು ದಿನಾ ಅಳೀತೀನಿ," ಎಂದಳು ಆಕೆ. "ಒಂದು ದಿನವೂ ಹೆಚ್ಚುಕಡಿಮೆ ಆಗಿಲ್ಲ. ದೇವರ ಮೇಲೆ ಆಣೆ ಇಟ್ಟು ಹೇಳ್ತೀನಿ."

ಏನಿಟ್ಟು ಅಳೆಯುತ್ತೀರಿ ಎಂದು ಅವರು ಕೇಳಲಿಲ್ಲ. ಸುಮ್ಮನಿರುವವರು ಆಣೆ ಇಟ್ಟರೆ ಕೇಳಿದವರಿಗೆ ಗಾಬರಿಯಾಗುತ್ತದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಆಯ್ತು, ನಾನು ಮಾತಾಡ್ತೀನಿ," ಎಂದರು.

ಮನೆಯಲ್ಲಿ ಗಂಡ ನಂಬಲೇ ಇಲ್ಲ. ಬಸ್ಸು ಓಡಿಸುವವನು, ದಿನಕ್ಕೆ ನೂರು ಜನರ ದೂರು ಕೇಳುವವನು. "ನೀನಾ? ಹೋಟೆಲಲ್ಲಿ ತಣ್ಣಗಿರೋ ಕಾಫಿ ಕೊಟ್ರೂ ಥ್ಯಾಂಕ್ಸ್ ಹೇಳಿ ಕುಡಿದು ಬರೋಳು, ನೀನು ದೂರು ಕೊಟ್ಟೆಯಾ? ಇನ್ನು ನಾನು ಹುಷಾರಾಗಿರಬೇಕಪ್ಪ." ಮಗಳು ತಟ್ಟೆಯಿಂದ ತಲೆಯೆತ್ತಲಿಲ್ಲ. ನಾಚಿಕೆ ಇರಬೇಕೆಂದು ಆಕೆ ಅಂದುಕೊಂಡಳು.

ಆ ವಾರದಲ್ಲೇ ಎಲ್ಲ ಬದಲಾಯಿತು. ಮಗಳ ನೀಲಿ ಟೋಪಿ ನಡುಸಾಲಿಗೆ ಬಂತು, ಗುಬ್ಬಿಯ ಹಳದಿ ಟೋಪಿ ಗೋಡೆಬದಿಗೆ ಹೋಯಿತು. ರಿಲೇಗೆ ಪರೀಕ್ಷೆಯಾದಾಗ ಇಬ್ಬರೂ ಬೇರೆಬೇರೆಯಾಗಿ, ಒಬ್ಬಳಾದ ಮೇಲೊಬ್ಬಳು ಈಜಿದರು. ಸೀಟಿ ಸರ್ ಸ್ಟಾಪ್‌ವಾಚ್ ನೋಡಿ ಗಟ್ಟಿಯಾಗಿ ಓದಿದರು. ಮಗಳ ಸಮಯ ಕೂದಲೆಳೆಯಷ್ಟು ಕಡಿಮೆ. ನಾಲ್ಕನೆಯ ಜಾಗ ಮಗಳಿಗೆ. ಗಾಜಿನ ಹಿಂದೆ ಆಕೆ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೈಮುಗಿದಳು. ಕಣ್ಣು ತೆರೆದಾಗ ಹಳದಿ ಟೋಪಿ ನೀರಿನಲ್ಲೇ ನಿಂತಿತ್ತು. ಬಹಳ ಹೊತ್ತು ಮೇಲೆ ಹತ್ತಲಿಲ್ಲ.

ಅದಾದಮೇಲೆ ಗುಬ್ಬಿ ಅಭ್ಯಾಸಕ್ಕೆ ಬರುವುದನ್ನು ನಿಲ್ಲಿಸಿದಳು. "ಸೋಲು ತಡ್ಕೊಳ್ಳೋ ಶಕ್ತಿ ಇಲ್ಲ ಈಗಿನ ಮಕ್ಕಳಿಗೆ," ಎಂದಳು ವಕೀಲೆ. ಆಕೆಗೆ ಅಯ್ಯೋ ಪಾಪ ಅನ್ನಿಸಿತು. ಆದರೆ ನ್ಯಾಯ ನ್ಯಾಯವೇ ಎಂದು ಸಮಾಧಾನ ಮಾಡಿಕೊಂಡಳು.

ಒಂದು ಸಂಜೆ ಸೀಟಿ ಸರ್ ಮೆಟ್ಟಿಲು ಹತ್ತಿ ಮೇಲೆ ಬಂದು, ನೇರವಾಗಿ ಆಕೆಯ ಮುಂದೆ ನಿಂತರು. ಅವರ ಸಹಾಯಕಿಗೆ ಜ್ವರ.

"ಮೇಡಂ, ಇವತ್ತು ಸ್ವಲ್ಪ ವಾಚ್ ಹಿಡಿದು ಸಹಾಯ ಮಾಡ್ತೀರಾ? ನಿಮಗೆ ಅಳತೆ ಅಭ್ಯಾಸ ಇದೆಯಂತಲ್ಲ."

ಆ ಮಾತಿನಲ್ಲಿ ಚುಚ್ಚು ಇತ್ತೋ ಇಲ್ಲವೋ, ಆಕೆಗೆ ಸಂಕೋಚವಾಯಿತು. ಚಪ್ಪಲಿ ಬಿಟ್ಟು ಕೆಳಗಿಳಿದಳು. ಒದ್ದೆ ನೆಲ ಬರಿಗಾಲಿಗೆ ಬೆಚ್ಚಗಿತ್ತು. ಕೊಳದ ಔಷಧಿ ವಾಸನೆ ಮೂಗಿನೊಳಗೆ ಉರಿಯಿತು. ಗಾಜಿಲ್ಲದೆ ನೀರನ್ನು ಅಷ್ಟು ಹತ್ತಿರದಿಂದ ಆಕೆ ನೋಡಿದ್ದೇ ಅದು ಮೊದಲು.

ಕೆಲಸ ಸುಲಭ. ಸೀಟಿಗೆ ಒಂದು ಸಲ ಒತ್ತುವುದು, ಕೈ ಗೋಡೆ ಮುಟ್ಟಿದಾಗ ಇನ್ನೊಂದು ಸಲ. ಮೊದಲು ಹಸಿರು ಟೋಪಿಯ ಹುಡುಗಿ ಹೋದಳು. ಆಕೆಯ ಬೆರಳು ವಾಚಿನ ಮೇಲೆ, ಒಳಗೆ ಅಭ್ಯಾಸಬಲದಿಂದ ಪದ್ಯ. ಹುಡುಗಿ ಗೋಡೆ ಮುಟ್ಟಿದಾಗ ಕೊನೆಯ ಮಾತು. ಆಕೆ ವಾಚು ತೋರಿಸಿದಳು, ಸರ್ ತಲೆಯಾಡಿಸಿದರು.

ಆಮೇಲೆ ಮಗಳು. ಸೀಟಿ, ಮೊದಲಕ್ಷರ. ನೀಲಿ ಟೋಪಿ ಆ ತುದಿ ಮುಟ್ಟಿ ತಿರುಗಿತು. ಕೊನೆಯ ಸಾಲು, ಕೊನೆಯ ಮಾತು, ಮಗಳ ಕೈ ಗೋಡೆಗೆ. ಆಕೆ ಒತ್ತಿದಳು. ಅದೇ ಪದ್ಯ, ಅದೇ ಕೊನೆಯ ಮಾತು. ಆದರೆ ವಾಚು ಹಸಿರು ಟೋಪಿಗಿಂತ ಎಷ್ಟೋ ಹೆಚ್ಚು ತೋರಿಸುತ್ತಿತ್ತು.

ವಾಚು ಕೆಟ್ಟಿದೆ ಎಂದುಕೊಂಡಳು. ಕಿವಿಯ ಹತ್ತಿರ ಹಿಡಿದು ನೋಡಿದಳು. ಅದರಲ್ಲಿ ಸದ್ದು ಎಲ್ಲಿಂದ ಬರಬೇಕು?

ಎರಡನೆಯ ಸುತ್ತು ಬಂತು. ಹಸಿರು ಟೋಪಿ ಮತ್ತೆ ಮೊದಲಿನಷ್ಟೇ. ಮಗಳ ಸರದಿ ಬಂದಾಗ ಆಕೆ ತೊಡೆಯ ಮೇಲೆ ಬೆರಳಿಟ್ಟುಕೊಂಡಳು. ಅಜ್ಜ ಹಿಡಿಯುತ್ತಿದ್ದ ಹಾಗೆ ಲೆಕ್ಕ ಹಿಡಿದಳು. ಒಂದು ಬೆರಳಿಗೆ ಒಂದು ಗಣ, ಎಳೆಯದೆ, ನೂಕದೆ. ಮಗಳು ಹೊರಟಳು. ಪದ್ಯ ತನ್ನ ಪಾಡಿಗೆ ತಾನು ನಡೆಯಿತು. ಆರನೆಯ ಸಾಲು ಮುಗಿಯಿತು. ಬೆರಳು ನಿಂತಿತು.

ಮಗಳು ಇನ್ನೂ ನೀರಿನಲ್ಲಿದ್ದಳು.

ಗೋಡೆಗೂ ಆ ಪುಟ್ಟ ಕೈಗೂ ನಡುವೆ ಖಾಲಿ ನೀರು. ಆಕೆ ಅದನ್ನೇ ನೋಡುತ್ತಾ ನಿಂತಳು. ಒಂದು ಕೈ, ಇನ್ನೊಂದು ಕೈ, ಮತ್ತೊಂದು. ಮುಗಿದ ಪದ್ಯದ ಆಚೆ ಮಗಳು ಈಜುತ್ತಲೇ ಇದ್ದಳು. ಗುಂಡಿ ಒತ್ತಬೇಕೆಂಬುದೂ ನೆನಪಾದದ್ದು ಮಗಳು ತಲೆಯೆತ್ತಿ ನೋಡಿದ ಮೇಲೆ.

ಇಷ್ಟು ದಿನವೂ ಎಳೆದಿದ್ದಳು. ಗುಬ್ಬಿಗೆ ಸರಿಯಾದ ಪದ್ಯ ಹೇಳಿ, ಮಗಳಿಗೆ ಪ್ರತಿ ಸಾಲಿನ ಕೊನೆಯಲ್ಲಿ ಒಂದಿಷ್ಟು ನಿಂತು, ಅವಳ ಕೈ ಗೋಡೆಗೆ ಬರುವವರೆಗೆ ಕೊನೆಯ ಮಾತನ್ನು ನಾಲಿಗೆಯ ಮೇಲೆ ಹಿಡಿದಿಟ್ಟುಕೊಂಡಿದ್ದಳು. ತನಗೇ ಗೊತ್ತಾಗದ ಹಾಗೆ. ಸದ್ದು ಕೇಳಿಸದಿದ್ದರೂ, ಕೇಳಿಸಲಿ ಎಂಬ ಆಸೆಗೆ ಬೆರಳೆತ್ತಿಬಿಡುವವರನ್ನು ಆಕೆ ಕೆಲಸದಲ್ಲಿ ದಿನವೂ ನೋಡುತ್ತಿದ್ದಳು. ಅವರು ಸುಳ್ಳರಲ್ಲ. ಅವರಿಗೆ ನಿಜವಾಗಿಯೂ ಕೇಳಿಸಿರುತ್ತದೆ.

ಆ ಅಳತೆಯ ಮೇಲೆ ಆಕೆ ದೇವರ ಆಣೆ ಇಟ್ಟಿದ್ದಳು.

ಸೀಟಿ ಸರ್ ಆಕೆಯ ಕೈಯಿಂದ ವಾಚು ತೆಗೆದುಕೊಂಡು ನೋಡಿ, ನೀರಿನ ಕಡೆ ತಿರುಗಿ ಮಗಳ ಸಮಯವನ್ನು ಗಟ್ಟಿಯಾಗಿ ಹೇಳಿದರು. ಹೇಳಿದ್ದು ವಾಚಿನಲ್ಲಿದ್ದದ್ದಲ್ಲ. ಅದಕ್ಕಿಂತ ಬಹಳ ಕಡಿಮೆ.

"ಸರ್," ಎಂದಳು ಆಕೆ. "ವಾಚಲ್ಲಿ ಹಾಗಿಲ್ಲ."

ಸರ್ ಆಕೆಯನ್ನು ವಿಚಿತ್ರವಾಗಿ ನೋಡಿದರು. ಮಕ್ಕಳನ್ನು ಆ ತುದಿಗೆ ಕಳಿಸಿ ಹತ್ತಿರ ಬಂದರು.

"ಯಾಕೆ ಮೇಡಂ ಪರೀಕ್ಷೆ ಮಾಡ್ತೀರ? ನಿಮಗೆ ಬೇಕಾದ ಹಾಗೇ ಮಾಡ್ತಿದೀನಲ್ಲ."

"ನನಗೆ ಬೇಕಾದ ಹಾಗಾ?"

"ಅಧ್ಯಕ್ಷರು ಕರೆಸಿದ್ರು. ಇಬ್ಬರೂ ಸಮ, ಆ ತಾಯಿ ಆಣೆ ಇಟ್ಟು ಹೇಳಿದಾರೆ, ಇನ್ನೊಂದು ದೂರು ಬಂದ್ರೆ ನೀನು ಬೇರೆ ಕೆಲಸ ನೋಡ್ಕೋ ಅಂದ್ರು. ನನಗೂ ಮನೆ ಇದೆ. ಸಮ ಮಾಡಿದೆ. ಸಮ ಮಾಡಿದ್ರೆ ಸಾಲದು ಅನ್ನಿಸ್ತು, ಒಂಚೂರು ಮೇಲೇ ಮಾಡಿದೆ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ."

"ಹಾಗಾದ್ರೆ ಪರೀಕ್ಷೆ ದಿನ…"

"ಅವತ್ತು ಗುಬ್ಬಿಗೆ ವಾಚ್ ನಿಲ್ಸೋದು ತಡ ಮಾಡಿದೆ, ನಿಮ್ಮ ಮಗಳಿಗೆ ಶುರು ಮಾಡೋದು ತಡ ಮಾಡಿದೆ. ನಿಜವಾಗಿ ಎಷ್ಟಾಯ್ತು ಅಂತ ಈಗ ನನಗೂ ಗೊತ್ತಿಲ್ಲ."

ಆಕೆ ಕೇಳಿದಳು, "ಮತ್ತೆ ನಡುಸಾಲು? ಅದನ್ನ ಯಾಕೆ ಅವಳಿಗೇ ಕೊಡ್ತಿದ್ರಿ?"

"ವೇಗದವರಿಗೆ ನಡುಸಾಲು ಮೇಡಂ. ಯಾವ ಕೊಳಕ್ಕೆ ಹೋದ್ರೂ ಅದೇ ಪದ್ಧತಿ. ಇಲ್ಲಿ ಸಣ್ಣ ಮಗುವಿಗೂ ಗೊತ್ತು." ಅವರು ದನಿ ತಗ್ಗಿಸಿದರು. "ಗುಬ್ಬಿ ಮೇಲೆ ನನಗೆ ಪ್ರೀತಿ ಇತ್ತು, ಸುಳ್ಳು ಯಾಕೆ ಹೇಳಲಿ. ಆದ್ರೆ ಪ್ರೀತಿಗೆ ಒಂದು ಸಲವೂ ವಾಚ್ ತಪ್ಪಾಗಿ ಒತ್ತಿರಲಿಲ್ಲ. ಭಯಕ್ಕೆ ಒತ್ತಿದೆ."

ಮನೆಗೆ ಹೋಗುವ ಬಸ್ಸಿನಲ್ಲಿ ಮಗಳು ಕಿಟಕಿ ಪಕ್ಕ ಕೂತಿದ್ದಳು. ಒದ್ದೆ ಕೂದಲಿನಿಂದ ನೀರು ತೊಟ್ಟಿಕ್ಕಿ ಅಂಗಿಯ ಕಾಲರು ನೆಂದಿತ್ತು. ಆಕೆ ಟವೆಲ್ಲಿನಿಂದ ಒರೆಸುತ್ತಾ, ಹೇಗೆ ಹೇಳಲಿ ಎಂದು ಮಾತು ಹುಡುಕುತ್ತಿದ್ದಳು. ಈ ಮಗು ಕುಸಿದು ಹೋಗುತ್ತದೆ ಎಂಬುದೊಂದೇ ಆಕೆಯ ಭಯ.

"ಪುಟ್ಟಾ, ಸರ್ ಹೇಳೋ ಸಮಯ…"

"ಸುಳ್ಳು. ಗೊತ್ತಮ್ಮ."

ಆಕೆಯ ಕೈ ಟವೆಲ್ಲಿನಲ್ಲೇ ನಿಂತಿತು.

"ನಿನಗೆ ಯಾರು ಹೇಳಿದ್ರು?"

"ಯಾರು ಹೇಳಬೇಕು? ವಾರ್ಮ್ ಅಪ್ ಮಾಡುವಾಗ ನಾವೆಲ್ಲ ಒಂದೇ ಸಾಲಲ್ಲಿ ಹೋಗ್ತೀವಿ. ಗುಬ್ಬಿ ನನ್ನ ಹಿಂದೆ. ಹಿಂದಿನೋರು ಬೇಗ ಬಂದ್ರೆ ಮುಂದಿನೋರ ಪಾದ ಮುಟ್ಟಬೇಕು. ಮುಟ್ಟಿದ್ರೆ ನಾವು ಗೋಡೆ ಹತ್ರ ನಿಂತು ದಾರಿ ಬಿಡಬೇಕು. ಅವಳು ದಿನಾ ನನ್ನ ಪಾದ ಮುಟ್ತಿದ್ಲು." ಮಗಳು ಕಿಟಕಿಯ ಗಾಜಿನ ಮೇಲೆ ಬೆರಳಾಡಿಸಿದಳು. "ನೀನು ದೂರು ಕೊಟ್ಟಮೇಲೆ ಸರ್ ಅವಳಿಗೆ, ಪಾದ ಮುಟ್ಟಬೇಡ, ಅವಳ ಹಿಂದೇನೇ ನಿಧಾನಕ್ಕೆ ಹೋಗು ಅಂದ್ರು."

"ನನಗ್ಯಾಕೆ ಹೇಳಲಿಲ್ಲ ಕಂದ?"

"ಹೇಗೆ ಹೇಳೋದು? ನೀನು ಅಷ್ಟು ಖುಷಿಯಾಗಿದ್ದೆ."

ಇಳಿಯುವಾಗ ಮಗಳು, "ಗುಬ್ಬಿ ಶಾಲೇಲೂ ನನ್ನ ಪಕ್ಕ ಕೂರಲ್ಲ ಈಗ," ಎಂದಳು. ಹವೆ ಹೇಗಿದೆ ಎಂದು ಹೇಳುವವರ ದನಿಯಲ್ಲಿ.

ಮರುದಿನ ಬೆಳಗ್ಗೆ ಕೆಲಸಕ್ಕೆ ತಡವಾಗಿ ಬರುತ್ತೇನೆಂದು ಹೇಳಿ ಆಕೆ ಒಬ್ಬಳೇ ಅಧ್ಯಕ್ಷರ ಕೋಣೆಗೆ ಹೋದಳು. ಕೈ ಹಿಡಿದು ಕರೆದುಕೊಂಡು ಹೋಗುವವರು ಬೇಕಾಗಲಿಲ್ಲ. ನನ್ನ ಅಳತೆ ತಪ್ಪಾಗಿತ್ತು, ಆಣೆಯೂ ತಪ್ಪಾಗಿತ್ತು, ಕೋಚ್‌ದೇನೂ ತಪ್ಪಿಲ್ಲ, ಜಾಗ ಬೇಕರಿಯವರ ಮಗಳದು ಎಂದು ನಿಂತೇ ಹೇಳಿದಳು.

ಅಧ್ಯಕ್ಷರು ಮತ್ತೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಕಿ ಅನ್ನೋದೂ ನೀವೇ, ತೆಗೀರಿ ಅನ್ನೋದೂ ನೀವೇ. ಇನ್ನೊಬ್ಬರು ಅಪ್ಪ ಅಮ್ಮ ನಾಳೆ ಬಂದು ಬೇರೇನೋ ಹೇಳ್ತಾರೆ. ಬಾಯಿ ಮಾತಿನ ಮೇಲೆ ನಾನು ತಂಡ ಬದಲಾಯಿಸಲ್ಲ. ನಾಳೆ ಸಂಜೆ ಹೆಸರು ಕಳಿಸಬೇಕು. ಅಷ್ಟರೊಳಗೆ ಇಬ್ಬರೂ ಹುಡುಗೀರು ನನ್ನ ಮುಂದೆ ಇನ್ನೊಂದು ಸಲ ಈಜಲಿ. ಯಾರು ಬೇಗ ಬರ್ತಾರೋ ಅವರು. ಇಬ್ಬರಲ್ಲಿ ಒಬ್ಬರು ಬರದಿದ್ರೂ ಈಗಿರೋ ತಂಡವೇ ಖಾಯಂ."

ಆಕೆಗೆ ದಾರಿ ಸಿಕ್ಕಂತಾಯಿತು. ಗುಬ್ಬಿಯನ್ನು ನಾಳೆ ಕೊಳಕ್ಕೆ ಕರೆತಂದರೆ ಸಾಕು. ಮಿಕ್ಕಿದ್ದನ್ನು ನೀರೇ ಹೇಳುತ್ತದೆ.

ಸಂಜೆ ಮಗಳನ್ನು ಕರೆದುಕೊಂಡು ಬೇಕರಿಗೆ ಹೋದಳು. ಒಲೆಯ ಶಾಖಕ್ಕೆ ಅಂಗಡಿಯ ಬಾಗಿಲೇ ಬೆಚ್ಚಗಿತ್ತು. ಬೇಕರಿಯವನು ಬ್ರೆಡ್ಡಿನ ಅಚ್ಚುಗಳನ್ನು ಮರದ ಹಲಗೆಯ ಮೇಲೆ ಬೋರಲು ಹಾಕಿ ತಟ್ಟುತ್ತಿದ್ದವನು ತಲೆಯೆತ್ತಿ, "ಬನ್ನಿ ಅಕ್ಕ. ಪುಟ್ಟಿನೂ ಬಂದಿದಾಳಲ್ಲ. ತಂಡಕ್ಕೆ ಸೇರಿದ್ಯಂತೆ, ಸಿಹಿ ನಾನು ಕೊಡಬೇಕೋ ನೀನು ಕೊಡಬೇಕೋ?" ಎಂದ. ಹೊಟ್ಟೆಕಿಚ್ಚಿಲ್ಲದ ನಗು. ಆಕೆಗೆ ಆ ನಗುವನ್ನು ನೋಡಲಾಗಲಿಲ್ಲ.

"ಅಣ್ಣ, ಒಂದು ಮಾತು ಹೇಳಬೇಕು."

ಹೇಳಿದಳು. ಗಾಜಿನ ಹಿಂದಿನ ಕುರ್ಚಿಯಿಂದ ಹಿಡಿದು ನಿನ್ನೆಯ ವಾಚಿನವರೆಗೆ, ಏನನ್ನೂ ಬಿಡದೆ. ಪದ್ಯದ ವಿಷಯವನ್ನೂ ಹೇಳಿದಳು. ಗಂಡನಿಗೂ ಅದನ್ನು ಹೇಳಿರಲಿಲ್ಲ. ಬೇಕರಿಯವನ ಕೈಯಲ್ಲಿದ್ದ ಅಚ್ಚು ಅಲ್ಲೇ ಉಳಿಯಿತು. ಒಳಗೆ ಟ್ರೇ ತೊಳೆಯುವ ಸದ್ದು ನಿಂತಿತ್ತು. ಗುಬ್ಬಿ ಕೈ ಒರೆಸಿಕೊಳ್ಳದೆ ಬಾಗಿಲಿಗೆ ಬಂದು ನಿಂತದ್ದನ್ನು ಯಾರೂ ಗಮನಿಸಿರಲಿಲ್ಲ.

ಬೇಕರಿಯವನು ಕೇಳಿದ, "ಅಂದ್ರೆ ಅವತ್ತು ಇವಳು ಗೆದ್ದಿದ್ಲಾ?"

"ಹೌದು ಅಣ್ಣ."

"ಅಳ್ತಾ ಬಂದ್ಲು ಅಕ್ಕ. ನಾನು ಸೋತಿಲ್ಲಪ್ಪ, ಏನೋ ಆಗಿದೆ ಅಂದ್ಲು. ನಾನು ಬೈದೆ. ಸೋತಮೇಲೆ ನೆಪ ಹೇಳಬಾರದು, ಇನ್ನೊಬ್ಬರ ಗೆಲುವನ್ನ ಸುಳ್ಳು ಅನ್ನಬಾರದು ಅಂದೆ. ಸರ್ ಹತ್ರ ಕರಕೊಂಡು ಹೋಗಿ ಕ್ಷಮೆ ಕೇಳಿಸಿದೆ." ಅವನು ಅಚ್ಚನ್ನು ಕೆಳಗಿಟ್ಟ. ಎಲ್ಲಿಟ್ಟನೆಂದು ನೋಡಲಿಲ್ಲ, ಅದು ಹಲಗೆಯ ಅಂಚಿನಿಂದ ಜಾರಿ ನೆಲಕ್ಕೆ ಬಿತ್ತು. "ಕ್ಷಮೆ ಕೇಳಿಸಿದೆ ಅಕ್ಕ. ಸರ್ ಸುಮ್ಮನೆ ನಿಂತು ಕೇಳಿಸ್ಕೊಂಡ್ರು."

ಆಕೆಗೆ ಇದು ಗೊತ್ತಿರಲಿಲ್ಲ. ಕಿವಿಯಲ್ಲಿ ಒಂದೇ ಸಮನೆ ಸಣ್ಣ ಶಬ್ದವೊಂದು ಗುಂಯ್ಗುಟ್ಟತೊಡಗಿತು. ತಾನು ಹೇಳಬೇಕೆಂದು ಬಂದದ್ದನ್ನು ಹೇಳಿಬಿಡಬೇಕು ಅನ್ನಿಸಿತು. ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಕಡೆ ತಿರುಗಿದಳು. ಮೊಣಕೈವರೆಗೆ ಸೋಪಿನ ನೊರೆ, ಕಣ್ಣು ಮಾತ್ರ ಒಣಗಿತ್ತು.

"ಮಗಳೇ, ನಾಳೆ ಒಂದೇ ಒಂದು ಸಲ ಬಾ. ಅಧ್ಯಕ್ಷರೇ ಎದುರಿಗಿರ್ತಾರೆ. ಇನ್ನೊಂದು ಸಲ ಈಜು. ಜಾಗ ನಿನ್ನದೇ. ನನಗೆ ಗೊತ್ತು, ಇವಳಿಗೂ ಗೊತ್ತು."

ಮಗಳು ಅಮ್ಮನ ಪಕ್ಕದಿಂದ ಒಂದು ಹೆಜ್ಜೆ ಮುಂದೆ ಬಂದಳು. "ಬಾರೇ ಗುಬ್ಬಿ. ನೀನಿಲ್ಲದೆ ಬೇಜಾರು."

"ಹೋಗ್ತಾಳೆ, ಹೋಗ್ತಾಳೆ," ಎಂದ ಬೇಕರಿಯವನು ಅವಸರವಾಗಿ, ಮೂಗೊರೆಸಿಕೊಳ್ಳುತ್ತಾ. "ನಾನೇ ಅಂಗಡಿ ಮುಚ್ಚಿ ಕರಕೊಂಡು ಬರ್ತೀನಿ. ಏನಮ್ಮಾ, ಹೋಗ್ತೀಯಲ್ವಾ?"

ಗುಬ್ಬಿ ಅಪ್ಪನನ್ನು ನೋಡಿದಳು, ಗೆಳತಿಯನ್ನು ನೋಡಿದಳು. ಆಮೇಲೆ ಆಕೆಯನ್ನು ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಹೇಳುವ ಮಗುವಿನ ದನಿ ಅದು.

"ಇನ್ನೊಂದು ಸಲ ಯಾಕೆ ಆಂಟಿ? ನಾನು ಅವತ್ತೇ ಈಜಿದೀನಲ್ಲ."

"ಹೌದು ಕಂದ, ಆದ್ರೆ ಅವತ್ತಿನ ಸಮಯ ಯಾರಿಗೂ…"

"ನಾನು ಬರಲ್ಲ," ಎಂದಳು ಗುಬ್ಬಿ.